ಪರದೆ ಆರಿಸಿಟ್ಟ ಮನೆಯಲ್ಲಿ

ನಾನು ಹುಟ್ಟಿದ ಬೆಳಿಗ್ಗೆ ಮೈಸೂರಿನ ಮೇಲೆ ಮಾರ್ಗಶಿರದ ಮಂಜು ಇಳಿದಿತ್ತು. ಕ್ಯಾಮೆರಾದ ಕಣ್ಣು ಬಿಟ್ಟಾಗ ನನಗೆ ಮೊದಲು ಕಂಡದ್ದು ಕಿಟಕಿಯಾಚೆಯ ಬೇವಿನ ಮರ. ಅದೂ ಅರ್ಧ ಮಾತ್ರ. ಉಳಿದರ್ಧವನ್ನು ದೇವರು ಬಿಸಿಲೇರಿದ ಮೇಲೆ ಬರೆದರಾಯಿತೆಂದು ಬಿಟ್ಟ ಹಾಗಿತ್ತು.

ನಾನು ಒಂದು ಲ್ಯಾಪ್‌ಟಾಪ್. ಏಳೇ ಮಂದಿ ದುಡಿಯುವ ಸಣ್ಣ ಕಾರ್ಖಾನೆಯಲ್ಲಿ, ರೆಹಾನಾ ಎಂಬ ಹೆಣ್ಣುಮಗಳ ಕೈಯಲ್ಲಿ ಹುಟ್ಟಿದೆ. ಕೊನೆಯ ತಿರುಪನ್ನು ಬಿಗಿದು, ಬಿಸ್ಮಿಲ್ಲಾ ಎಂದು ಮೆಲ್ಲಗೆ ಹೇಳಿ ಅವಳು ನನ್ನನ್ನು ಎಬ್ಬಿಸಿದಳು. ಬೇರೆ ಲ್ಯಾಪ್‌ಟಾಪುಗಳ ಕೀಲಿಮಣೆಯಲ್ಲಿ ಕಿಟಕಿಯ ಗುರುತು ಇರುವ ಜಾಗದಲ್ಲಿ ನನಗೆ ಹೊಂಗೆಯ ಎಲೆ ಕೆತ್ತಿದ್ದರು. ಏಕೆಂದರೆ ನಾನು ‘ಹೊಂಗೆ’ಗಾಗಿಯೇ ಹುಟ್ಟಿದವನು.

ಹೊಂಗೆ ಎಂದರೆ ನನ್ನೊಳಗೆ ಕೂತು ನನ್ನನ್ನು ನಡೆಸುವ ತಂತ್ರಾಂಶ. ಲಿನಕ್ಸ್ ಎಂಬ ಹಳೆಯ ಗಟ್ಟಿ ಬೇರಿನಿಂದ ಚಿಗುರಿದ್ದು. ಅದನ್ನು ಕಟ್ಟಿದವರು ಯಾವ ಒಡೆಯನ ಆಳುಗಳೂ ಅಲ್ಲ. ಕೆರೆಯ ಹೂಳೆತ್ತಲು ಮನೆಗೊಬ್ಬರಂತೆ ಬರುತ್ತಾರಲ್ಲ, ಹಾಗೆ ಊರೂರುಗಳಲ್ಲಿ ತಮ್ಮ ಬಿಡುವಿನ ಹೊತ್ತು ಕೊಟ್ಟು ಕಟ್ಟಿದವರು. ಯಾರು ಬೇಕಾದರೂ ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದು. ವರ್ಷಕ್ಕೊಂದು ಹೊಸ ಆವೃತ್ತಿ ಬರುತ್ತಿತ್ತು. ನನ್ನ ಪಾಲಿಗೆ ಬಂದದ್ದು ಏಳನೆಯದು.

ನನಗೆ ಎಲ್ಲಕ್ಕಿಂತ ಹೆಮ್ಮೆ ನನ್ನ ಪರದೆಯ ಮೇಲೆ. ಕೊಳದ ನೀರಿನಂತೆ ತಿಳಿ, ನಡುಮಧ್ಯಾಹ್ನದ ಬಿಸಿಲಿನಲ್ಲೂ ಅಕ್ಷರ ಮಾಸದು. “ನಿನ್ನ ನೋಡಿದೋರು ಕಣ್ಣು ಕೀಳಬಾರ್ದು ಕಣೋ,” ಎಂದು ರೆಹಾನಾ ಅದನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿದಳು. ಆಮೇಲೆ ಪೆಟ್ಟಿಗೆಯಲ್ಲಿಟ್ಟು ಒಂದು ಕಾಗದ ಬರೆದಳು. ನನ್ನನ್ನು ಮತ್ತು ಹೊಸ ಹೊಂಗೆಯನ್ನು ಒಂದು ತಿಂಗಳು ಬಳಸಿ ನೋಡಿ ವಿಮರ್ಶೆ ಬರೆಯಬೇಕು, ಆಮೇಲೆ ನನ್ನನ್ನು ವಾಪಸು ಕಳಿಸಬೇಕು ಎಂದು. ಪೆಟ್ಟಿಗೆ ಲಕ್ಷ್ಮೇಶ್ವರಕ್ಕೆ ಹೊರಟಿತು.

ಅಲ್ಲಿ ನನ್ನನ್ನು ಬರಮಾಡಿಕೊಂಡವರು ಫಕ್ಕೀರಪ್ಪ ಮಾಸ್ತರು. ಅಂಧ ಮಕ್ಕಳ ಶಾಲೆಯಲ್ಲಿ ಹಾರ್ಮೋನಿಯಂ ಕಲಿಸುವವರು. ತಿಂಗಳಿಗೊಮ್ಮೆ ಬರುವ ಒಂದು ಕಂಪ್ಯೂಟರ್ ಪತ್ರಿಕೆಗೆ ಏಳು ವರ್ಷಗಳಿಂದ ವಿಮರ್ಶೆ ಬರೆಯುವವರು. ಅವರಿಗೂ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಇದು ನನಗೆ ಗೊತ್ತಾದದ್ದು ಅವರ ಬೆರಳುಗಳು ಮೈಮೇಲೆ ಹರಿದಾಡಿದಾಗ. ಕೀಲಿಗಳನ್ನು ಸ್ವರ ಮುಟ್ಟುವಂತೆ ಮುಟ್ಟಿದರು. ಮುಚ್ಚಳವನ್ನು ತೆರೆದು ಮುಚ್ಚಿ ನೋಡಿದರು. ಆಮೇಲೆ ಪಕ್ಕದಲ್ಲಿದ್ದವರಿಗೆ, “ವೈನಿ, ಇದರ ಬೆಳಕು ಪೂರಾ ಆರಿಸಿಬಿಡ್ರಿ,” ಎಂದರು.

“ಏ, ಎಷ್ಟು ಚಂದ ಐತಿ ಫಕ್ಕೀರಪ್ಪ. ಕನ್ನಡಿ ಇದ್ದಂಗ ಐತಿ.”

“ನಿಮಗ ಕನ್ನಡಿ ಒಳಗ ಐತಲ್ಲ. ಬ್ಯಾಟರಿ ಉಳೀಲಿ.”

ನನ್ನ ಪರದೆ ಆರಿತು. ಆ ದಿನ ನನಗಾದ ದುಃಖವನ್ನು ಹೇಳಲಾರೆ. ಅಲಂಕಾರ ಮಾಡಿದ ಮೂರ್ತಿಯನ್ನು ಗರ್ಭಗುಡಿಯಲ್ಲಿಟ್ಟು ಬಾಗಿಲು ಹಾಕಿದಂತೆ ಆಗಿತ್ತು. ನನಗೆ ಉಳಿದದ್ದು ದನಿ ಒಂದೇ. ಆ ದನಿಯ ಬೆಲೆ ನನಗೆ ಆಗ ಗೊತ್ತಿರಲಿಲ್ಲ.

ವೈನಿ ಎಂದರೆ ಮಾಸ್ತರರ ಅಣ್ಣನ ಹೆಂಡತಿ ಶಕುಂತಲಮ್ಮ. ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಶೀಘ್ರಲಿಪಿ ಬರೆದು, ಬೆರಳಚ್ಚು ಕುಟ್ಟಿ ನಿವೃತ್ತರಾದವರು. ಮಾಸ್ತರರ ವಿಮರ್ಶೆಗಳೆಲ್ಲ ಅವರ ಕೈಯಿಂದಲೇ ಹೋಗುತ್ತಿದ್ದವು. ಮಾಸ್ತರರು ಹೇಳುವುದು, ವೈನಿ ನೋಟ್‌ಬುಕ್ಕಿನಲ್ಲಿ ಗೆರೆ ಚುಕ್ಕೆಗಳಲ್ಲಿ ಹಿಡಿಯುವುದು, ಆಮೇಲೆ ಬೆರಳಚ್ಚು ಮಾಡಿ ಕಳಿಸುವುದು. ಪತ್ರಿಕೆ ಅಂಚೆಯಲ್ಲಿ ಬಂದಾಗ ವೈನಿಯೇ ಓದಿ ಹೇಳುವುದು. ಮಾಸ್ತರರು ತಾವೇ ಬರೆಯುವಂತಿರಲಿಲ್ಲ. ಮನೆಯ ಹಳೆಯ ಕಂಪ್ಯೂಟರು ಇದ್ದದ್ದನ್ನು ಓದುತ್ತಿತ್ತೇ ಹೊರತು, ಕನ್ನಡದಲ್ಲಿ ಬರೆಯುವಾಗ ಬೆರಳಡಿಯ ಅಕ್ಷರ ಯಾವುದೆಂದು ಹೇಳುತ್ತಿರಲಿಲ್ಲ. ಏಳನೆಯ ಹೊಂಗೆ ಅದನ್ನು ಕಲಿತು ಬಂದಿತ್ತು. ‘ಕ’ ಒತ್ತಿದರೆ ನಾನು ‘ಕ’ ಎನ್ನುತ್ತಿದ್ದೆ, ಪದ ಮುಗಿದರೆ ಪದವನ್ನು ಹೇಳುತ್ತಿದ್ದೆ.

ಒಂದು ಕೊರತೆ ಮಾತ್ರ ಇತ್ತು. ಯಂತ್ರ ಎದ್ದೊಡನೆ ಪಾಸ್‌ವರ್ಡ್ ಕೇಳುವ ಮೊದಲ ಪರದೆ ಇರುತ್ತದಲ್ಲ, ಮನೆಗೆ ತಲೆಬಾಗಿಲು ಇದ್ದ ಹಾಗೆ, ಅಲ್ಲಿ ಹೊಂಗೆ ಮೂಕವಾಗಿತ್ತು. ಈಗ ಹೆಸರು ಕೇಳುತ್ತಿದೆಯೋ ಪಾಸ್‌ವರ್ಡೋ, ಹಾಕಿದ್ದು ಸರಿಯೋ ತಪ್ಪೋ, ಕಿವಿಗೆ ಒಂದೂ ತಿಳಿಯದು. ಒಳಗೆ ಹೋದರೆ ಮಾತೇ ಮಾತು, ಹೊಸಲಲ್ಲಿ ಮಾತ್ರ ಮೌನ. ದಿನಾ ಬೆಳಿಗ್ಗೆ ಮಾಸ್ತರರು, “ವೈನಿ, ಬಾಗಲಾ ತಗೀರಿ,” ಎಂದು ಕರೆಯಬೇಕು. ಒಲೆಯ ಮುಂದಿದ್ದ ವೈನಿ ಕೈ ಒರೆಸಿಕೊಳ್ಳುತ್ತ ಬಂದು, ಪರದೆಯನ್ನು ಗಳಿಗೆ ಹೊತ್ತು ಹಚ್ಚಿ, ಬಾಗಿಲು ದಾಟಿಸಿ ಮತ್ತೆ ಆರಿಸಬೇಕು.

“ಮೂರನೇ ಹೊಂಗೆಯಿಂದ ಬರದೇನಿ ನಾ,” ಎಂದು ಮಾಸ್ತರರು ಗೊಣಗುತ್ತಿದ್ದರು. “ಮೂಕ ಬಾಗಲಾ, ಮೂಕ ಬಾಗಲಾ ಅಂತ. ಏಳು ಬಂತು, ಒಬ್ಬರಿಗೂ ಕಿವಿ ಇಲ್ಲ ಅಂದ್ರ ಹೆಂಗ?”

ವೈನಿ ಒಲೆಯ ಮೇಲಿನ ಹಾಲಿನ ನೆಪ ಹೇಳಿ ಅಡುಗೆಮನೆಗೆ ಹೋಗುತ್ತಿದ್ದರು. ಆ ನೆಪದ ಅರ್ಥ ನನಗೆ ಮೂರನೆಯ ವಾರ ತಿಳಿಯಿತು.

ಈ ಸಲದ ವಿಮರ್ಶೆಯನ್ನು ತಾವೇ ಬರೆಯುತ್ತೇನೆಂದು ಮಾಸ್ತರರು ಹಟ ಹಿಡಿದಿದ್ದರು. ಸಾಮಾನ್ಯವಾಗಿ ಎಷ್ಟು ಉದ್ದ ಬರೆಯುತ್ತೇನೆ, ನೋಡೋಣ ಎಂದು ಹಳೆಯದೊಂದನ್ನು ಹುಡುಕಿದರು. ಪತ್ರಿಕೆಯವರು ಹಳೆಯ ಸಂಚಿಕೆಗಳನ್ನೆಲ್ಲ ಆ ವರ್ಷವಷ್ಟೇ ಅಂತರ್ಜಾಲಕ್ಕೆ ಏರಿಸಿದ್ದರು. ಐದನೆಯ ಹೊಂಗೆಯ ವಿಮರ್ಶೆ ಸಿಕ್ಕಿತು. ನಾನು ಓದತೊಡಗಿದೆ. ನನಗೇನು ಗೊತ್ತು, ಇದ್ದದ್ದನ್ನು ಇದ್ದಂತೆ ಓದುವುದು ನನ್ನ ಧರ್ಮ.

“ಪ್ರವೇಶ ಪರದೆಯಲ್ಲಿ ಧ್ವನಿ ಸೌಲಭ್ಯದ ಕುರಿತು ಸಂಬಂಧಪಟ್ಟವರು ಅನುಕೂಲವಿದ್ದಲ್ಲಿ ಪರಿಶೀಲಿಸಬಹುದಾಗಿದೆ,” ಎಂದೆ.

ಮಾಸ್ತರರ ಬೆರಳು ನಿಂತಿತು. ಇನ್ನೊಮ್ಮೆ ಓದಿಸಿದರು. ನಾಲ್ಕನೆಯ ಹೊಂಗೆಯದನ್ನು ತೆರೆದರು. ಅಲ್ಲೂ ‘ಪರಿಶೀಲಿಸಬಹುದಾಗಿದೆ.’ ಮೂರನೆಯದರಲ್ಲಿ ಬಾಗಿಲಿನ ಮಾತೇ ಇರಲಿಲ್ಲ. ಏಳು ವರ್ಷ ಅವರು ಹೇಳಿದ್ದೊಂದು, ಲೋಕ ಓದಿದ್ದು ಇನ್ನೊಂದು.

“ವೈನಿ,” ಎಂದು ಕರೆದರು. “ಇದು ಯಾರ ಮಾತು?”

ವೈನಿ ಸೌಟು ಹಿಡಿದುಕೊಂಡೇ ಬಂದರು. ನಾನು ಮತ್ತೊಮ್ಮೆ ಓದಿದೆ. ಅವರು ಗೋಡೆಗೆ ಒರಗಿ ನಿಂತರು.

“ನಿನ್ನ ಮಾತು ಬ್ಯಾಡಗಿ ಮೆಣಸಿನಕಾಯಿ ಇದ್ದಂಗ ಫಕ್ಕೀರಪ್ಪ. ಹಂಗ ಕಳಿಸಿದ್ರ ಮಂದಿ ಏನಂತಾರ ಅಂತ ಒಂಚೂರು ಮೆತ್ತಗ ಮಾಡಿದೆ. ಕಚೇರಿ ಕೈ ನಂದು.”

“ಮತ್ತ ಪತ್ರಿಕೆ ಬಂದಾಗ ಓದಿ ಹೇಳ್ತಿದ್ರಲ್ಲ, ಅದರಾಗ ನನ್ನ ಮಾತ ಇರ್ತಿತ್ತು?”

“ಅದು ನೋಟ್‌ಬುಕ್ಕಿಂದ ಓದ್ತಿದ್ದೆ. ಪತ್ರಿಕೆ ಮ್ಯಾಲೆ ಇಟಗೊಂಡು.”

ಮಾಸ್ತರರು ಕೀಲಿಗಳ ಮೇಲಿಂದ ಕೈ ತೆಗೆದರು. ವೈನಿಯೇ ಮತ್ತೆ ಹೇಳಿದರು: “ಪುಕ್ಕಟ ಕೊಡೋ ಮಂದಿ ಅವರು. ದಾಸೋಹದಾಗ ಉಣ್ಣಾಕ ಕುಂತು ಉಪ್ಪು ಕಮ್ಮಿ ಅಂತ ಅನಬಾರದು.”

“ದಾಸೋಹದಾಗ ಅನ್ನಾಕ ಬೇಕು ವೈನಿ,” ಎಂದರು ಮಾಸ್ತರರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಅದು ನನಗೂ ತಾಗಿತು. “ಮನಿಯಾಗಾದ್ರ ನಾ ಒಬ್ಬ ಸಪ್ಪಂದು ಉಂಡು ಎದ್ದೇನಿ. ಅಲ್ಲಿ ನನ್ನ ಹಿಂದ ಇನ್ನೂ ನೂರು ಮಂದಿ ಪಂಕ್ತಿಗೆ ಕುಂದ್ರೋರದಾರ. ಬಡಸೋರಿಗೆ ಗೊತ್ತಾಗೋದು ಹೆಂಗ?”

ವೈನಿ ತಿರುಗಿ ಒಳಗೆ ಹೋದರು. ಮರುದಿನವೂ ಬಾಗಿಲು ತೆರೆಯಲು ಬಂದರು, ಆದರೆ ಕೈಯಲ್ಲಿ ನೋಟ್‌ಬುಕ್ ಇರಲಿಲ್ಲ.

ಮಾಸ್ತರರು ವಿಮರ್ಶೆಯನ್ನು ತಾವೇ ಬರೆದರು. ನಾಲ್ಕು ಬೆಳಗು ಹಿಡಿಯಿತು. ಓದುಗರೇ, ನನ್ನ ಫಜೀತಿಯನ್ನು ನೋಡಿ. ಅವರು ಬರೆದ ಒಂದೊಂದು ಅಕ್ಷರವನ್ನೂ ನಾನೇ ಹೇಳಬೇಕು. ನನ್ನ ತಪ್ಪನ್ನೆಲ್ಲ ನನ್ನ ಬಾಯಿಂದಲೇ ಹೇಳಿಸಿದರು.

‘ಇದರ ಕೀಲಿಗಳು ಬೆರಳಿಗೆ ಹಿತ. ಒಂದೇ ಕೈಯಲ್ಲಿ ಮುಚ್ಚಳ ತೆರೆಯುತ್ತದೆ, ಬುಡ ಮೇಲೇಳುವುದಿಲ್ಲ. ಕನ್ನಡ ಬರೆಯುವಾಗ ಅಕ್ಷರ ಅಕ್ಷರಕ್ಕೂ ಮಾತಾಡುತ್ತದೆ. ಈ ವಿಮರ್ಶೆ ನಾನು ನನ್ನ ಕೈಯಾರೆ ಬರೆದ ಮೊದಲನೆಯದು, ಆ ಋಣ ಹೊಂಗೆಯದು,’ ಎಂದು ಶುರುವಾಯಿತು. ನಾನು ಉಬ್ಬಿದೆ. ಆಮೇಲೆ ಬಂತು: ‘ಸ್ಪೀಕರುಗಳು ಹೊಟ್ಟೆಯ ಕೆಳಗಿವೆ. ತೊಡೆಯ ಮೇಲಿಟ್ಟುಕೊಂಡರೆ ಯಂತ್ರ ಕಂಬಳಿ ಹೊದ್ದು ಮಾತಾಡಿದ ಹಾಗೆ ಕೇಳುತ್ತದೆ. ಯಂತ್ರವನ್ನು ಆರಿಸುವ ಕೀಲಿಗೂ ಅದರ ಪಕ್ಕದ ಕೀಲಿಗೂ ಬೆರಳಿಗೆ ಭೇದವಿಲ್ಲ. ಬರೆಯುತ್ತ ಬರೆಯುತ್ತ ಎರಡು ಸಲ ನಾನೇ ಇದನ್ನು ಮಲಗಿಸಿದೆ. ಪರದೆ ಬಹಳ ಚಂದವೆಂದು ನಮ್ಮ ವೈನಿ ಹೇಳುತ್ತಾರೆ. ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ನಾನು ಅಂಕ ಕೊಡುವುದಿಲ್ಲ.’

ಕೊನೆಯಲ್ಲಿ ಬಾಗಿಲು. ‘ಹೊಂಗೆಯ ನೆರಳು ಎಲ್ಲರಿಗೂ ಎಂದು ಬರೆದುಕೊಂಡಿದ್ದೀರಿ. ನೆರಳಿಗೆ ಬರುವ ದಾರಿಯಲ್ಲಿ ಬೇಲಿ ಹಾಕಿದ್ದೀರಿ. ಮೂಕ ಬಾಗಿಲನ್ನು ತೆರೆಯಲು ನನಗೆ ವೈನಿ ಇದ್ದಾರೆ. ವೈನಿ ಇಲ್ಲದವರು ಏನು ಮಾಡಬೇಕು?’

ಕೊನೆಯ ಸಾಲನ್ನು ನಾನು ಹೇಳುವಾಗ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು.

ತಿಂಗಳು ತುಂಬಿತು. ನಾನು ಮೈಸೂರಿಗೆ ಮರಳಿದೆ. ರೆಹಾನಾ ಎರಡು ದಿನ ವಿಮರ್ಶೆಯನ್ನು ಮತ್ತೆ ಮತ್ತೆ ಓದಿದಳು. ಮೂರನೆಯ ದಿನ ಕಣ್ಣಿಗೆ ಕರವಸ್ತ್ರ ಕಟ್ಟಿಕೊಂಡು ನನ್ನ ಮುಂದೆ ಕುಳಿತಳು. ಬಾಗಿಲು ದಾಟಲು ಕಾಲು ಗಂಟೆ ಒದ್ದಾಡಿದಳು, ದಾಟಲಾಗಲಿಲ್ಲ. “ನಿಜ ಹೇಳವ್ರೆ,” ಎಂದು ಕರವಸ್ತ್ರ ಬಿಚ್ಚಿ ಹೊಂಗೆ ಕಟ್ಟುವವರಿಗೆ ಕಾಗದ ಬರೆದಳು. ವಿಮರ್ಶೆಯನ್ನೂ ಜೊತೆಗಿಟ್ಟಳು, ಒಂದಕ್ಷರ ತಿದ್ದದೆ. ಅವರೂ ಒಳ್ಳೆಯವರೇ. ಉಪ್ಪು ಕಡಿಮೆಯೆಂದು ಕೇಳಿದ ಮೇಲೆ ಬಡಿಸುವವರು ಸುಮ್ಮನಿರುತ್ತಾರೆಯೇ? ಎಂಟನೆಯ ಹೊಂಗೆಯಲ್ಲಿ ಬಾಗಿಲಿಗೆ ಬಾಯಿ ಬಂತು. ನನ್ನ ನಂತರ ಹುಟ್ಟಿದವರಿಗೆಲ್ಲ ಸ್ಪೀಕರು ಮೇಲ್ಮುಖವಾಯಿತು. ನನ್ನ ಮೈ ಆಗಲೇ ಕಟ್ಟಿ ಮುಗಿದಿತ್ತು. ಆದರೂ ಆರಿಸುವ ಕೀಲಿಯ ಮೇಲೆ ರೆಹಾನಾ ಸಾಸಿವೆಯಷ್ಟು ಗಟ್ಟಿ ಅಂಟಿನ ಬೊಟ್ಟು ಇಟ್ಟಳು. ಅದು ನನ್ನ ಹಣೆಯ ಕುಂಕುಮ ಎಂದುಕೊಂಡೆ.

ಎಂಟನೆಯ ಹೊಂಗೆ ತುಂಬಿ ಅವಳು ನನ್ನನ್ನು ಮಾಸ್ತರರಿಗೆ ಕಾಣಿಕೆಯಾಗಿ ಕಳಿಸಿದಳು. ಅವರು ಒಪ್ಪಲಿಲ್ಲ. “ಒರೆಗೆ ಹಚ್ಚಿದಾವ ಬಂಗಾರ ಇಟಗೋಬಾರದು,” ಎಂದರು. ಕೊನೆಗೆ ರೆಹಾನಾ ಶಾಲೆಯ ಹೆಸರಿಗೆ ಕಾಗದ ಬರೆದ ಮೇಲೆ ನಾನು ಶಾಲೆಯ ಸೊತ್ತಾದೆ.

ಅಲ್ಲಿ ಮಾಸ್ತರರು ನನ್ನನ್ನು ಮೊದಲ ಸಲ ಎಬ್ಬಿಸಿದ ಗಳಿಗೆ ನೆನಪಿದೆ. ಸುತ್ತ ಹನ್ನೆರಡು ಮಕ್ಕಳು, ಎಲ್ಲ ಕಿವಿಯಾಗಿ ನಿಂತಿದ್ದರು. ನಾನು ಹೊಸಲಲ್ಲೇ ಬಾಯಿ ತೆರೆದೆ.

“ಪಾಸ್‌ವರ್ಡ್ ಹಾಕಿ,” ಎಂದೆ.

ನನ್ನ ಬಾಳಿನಲ್ಲಿ ಅದಕ್ಕಿಂತ ದೊಡ್ಡ ಮಾತನ್ನು ನಾನು ಆಡಿಲ್ಲ.

ಆಮೇಲೆ ಎಷ್ಟೋ ವರ್ಷ ಎಷ್ಟೋ ಬೆರಳುಗಳು ನನ್ನ ಮೇಲೆ ಓಡಾಡಿದವು. ಪರೀಕ್ಷೆಯಲ್ಲಿ ಇನ್ನೊಬ್ಬರಿಗೆ ಹೇಳಿ ಬರೆಸುತ್ತಿದ್ದ ಮಕ್ಕಳು ತಮ್ಮ ಉತ್ತರವನ್ನು ತಾವೇ ಬರೆದರು, ತಪ್ಪಾದರೂ ತಮ್ಮದೇ ತಪ್ಪು. ಕೀಲಿಗಳ ಮೇಲಿನ ಅಕ್ಷರಗಳೆಲ್ಲ ಅಳಿಸಿಹೋದವು, ಅಲ್ಲಿ ಯಾರಿಗೂ ಅದು ಗೊತ್ತಾಗಲಿಲ್ಲ. ಹೊಂಗೆಯ ಎಲೆ ಮಾತ್ರ ಕೆತ್ತಿದ್ದರಿಂದ ಉಳಿಯಿತು. ಈಗ ಬ್ಯಾಟರಿ ಹಿಡಿಯುವುದಿಲ್ಲ, ಗೋಡೆಯ ತಂತಿಗೆ ಕಟ್ಟಿದ ದನದಂತೆ ಸಂಗೀತದ ಕೋಣೆಯ ಮೂಲೆಯಲ್ಲಿದ್ದೇನೆ. ಹೊಸ ಯಂತ್ರಗಳು ಬಂದಿವೆ, ಅವೂ ಹೊಸಲಲ್ಲಿ ಮಾತಾಡುತ್ತವೆ. ಕೇಳಿದಾಗಲೆಲ್ಲ, ಅದು ನಮ್ಮ ಮನೆಯ ಮಾತು ಎಂದುಕೊಳ್ಳುತ್ತೇನೆ. ದೇವರು ನನ್ನ ಪರದೆಗೆ ಕೊಟ್ಟ ಬೆಳಕು ಯಾರಿಗೂ ಬೇಡವಾದಾಗಲೇ ನನಗೆ ನನ್ನ ನಿಜವಾದ ಕೆಲಸ ಸಿಕ್ಕಿದ್ದು.

ಹೋದ ವಾರ ವೈನಿ ಶಾಲೆಗೆ ಬಂದರು. ಮುದುಕಿಯಾಗಿದ್ದಾರೆ, ಒಂದು ಕಣ್ಣಿಗೆ ಪೊರೆ ಬಂದಿದೆ. ಕೈಚೀಲದಲ್ಲಿ ಏಳು ನೋಟ್‌ಬುಕ್ಕುಗಳು. ಅಂದಿನಿಂದ ಇಂದಿನವರೆಗೆ ವಿಮರ್ಶೆ ತಿದ್ದಿದ ಆ ವಿಷಯ ಅವರಿಬ್ಬರ ನಡುವೆ ಬಂದಿರಲಿಲ್ಲ. ಆ ಗೆರೆ ಚುಕ್ಕೆಗಳನ್ನು ಅವರ ಹೊರತು ಊರಿನಲ್ಲಿ ಯಾರೂ ಓದಲಾರರು. ಅವರ ಕಣ್ಣು ಹೋದರೆ ಆ ಮಾತುಗಳೂ ಹೋದವು.

ಅವರು ನನ್ನ ಪರದೆಯನ್ನು ಹಚ್ಚಿದರು. ಎಷ್ಟೋ ವರ್ಷಗಳ ಮೇಲೆ ಬೆಳಗಿದೆ. ಕೊಳದ ನೀರು ಇನ್ನೂ ತಿಳಿಯಾಗಿಯೇ ಇತ್ತು. ಆರು ಮಧ್ಯಾಹ್ನ ಅವರು ಮೂಗು ತಾಗುವಷ್ಟು ಹತ್ತಿರ ಬಗ್ಗಿ ಆ ನೋಟ್‌ಬುಕ್ಕುಗಳಲ್ಲಿದ್ದದ್ದನ್ನೆಲ್ಲ ಕುಟ್ಟಿದರು. ಕಚೇರಿಯ ಮಾತು ಒಂದೂ ಸೇರಲಿಲ್ಲ. ಏಳು ವರ್ಷದ ಖಾರವೆಲ್ಲ ಹಾಗೇ ಇಳಿಯಿತು. ಮುಗಿದ ಮೇಲೆ ಪರದೆ ಆರಿಸಿ, ಪಾಠ ಮುಗಿಸಿ ಬಂದ ಮಾಸ್ತರರ ಕೈ ಹಿಡಿದು ನನ್ನ ಕೀಲಿಯ ಮೇಲಿಟ್ಟು, ತಾವು ಬಾಗಿಲ ಬಳಿ ಹೋಗಿ ನಿಂತರು.

ನಾನು ಓದಿದೆ. ಮಾಸ್ತರರು ತಲೆ ಬಗ್ಗಿಸಿ ಕೇಳಿದರು. ಮೂರನೆಯ ಹೊಂಗೆಗೆ ಬಂದಾಗ ನನ್ನನ್ನು ತಡೆದರು.

“ವೈನಿ, ಇದು ಭಾಳ ಕೆಟ್ಟದಾಗಿ ಬೈದೀನಲ್ಲ.”

“ಅದಕ್ಕ ತಗದಿದ್ದೆ.”

“ಈಗ?”

ವೈನಿ ಚಪ್ಪಲಿ ಮೆಟ್ಟುತ್ತಿದ್ದರು.

“ಈಗ ಐತಿ,” ಎಂದರು.