ಬೋಲ್ಟಿಲ್ಲದ ಜೋಡಣೆ

ಎರಡು ಹಳಿಗಳ ತುದಿಯನ್ನು ಬೆರಳಿಗೆ ಬೆರಳು ಹೆಣೆದಂತೆ ಕಚ್ಚಿಸಿದ್ದೇನೆ, ಇನ್ನು ಬೋಲ್ಟೇ ಬೇಕಿಲ್ಲ ಎಂದು ಕಮ್ಮಾರ ಅರ್ವಿದ್ ಲಿಂಡೋಸ್ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದ. ಪರೀಕ್ಷೆಯ ದಿನ ರೈಲು ಎಂಜಿನ್ ಅದರ ಮೇಲೆ ಹಾಯ್ದರೂ ಜೋಡಣೆ ಕದಲಲಿಲ್ಲ. ಸ್ಟಾಕ್‌ಹೋಮಿನಿಂದ ಬಂದಿದ್ದ ಎಂಜಿನಿಯರು ಟೋಪಿ ತೆಗೆದು ಅವನ ಕೈ ಕುಲುಕಿದರು. ಹಳಿ ಕಾಯುವ ಮುದುಕ ಸಿಕ್ಸ್ಟೆನ್ ಮಾತ್ರ ಮೊಣಕಾಲೂರಿ, ಸುತ್ತಿಗೆಯಿಂದ ಜೋಡಣೆಯನ್ನು ತಟ್ಟಿ ಸದ್ದು ಕೇಳಿ, ಅಡಿಗೆ ಕೈ ಹಾಕಿ ಸವರಿದ. ಅರ್ವಿದ್ ಕುಡಿಯುತ್ತಿದ್ದ ಕಾಫಿಯನ್ನು ಕೆಳಗಿಟ್ಟ. ಹಿಂದಿನ ದಿನ ಜೋಡಣೆ ಬಾಯಿ ಬಿಟ್ಟಾಗ ಅವನೇ ಕದ್ದುಮುಚ್ಚಿ ಬಿಗಿದು, ಮಸಿ ಬಳಿದಿದ್ದ ಬೋಲ್ಟ್ ಅಲ್ಲಿತ್ತು.

"ಹೇಗಿದೆಯಪ್ಪಾ?" ಎಂದರು ಎಂಜಿನಿಯರು.

"ಗಟ್ಟಿಯಾಗಿದೆ ಸಾರ್," ಎಂದ ಸಿಕ್ಸ್ಟೆನ್.

ಅರ್ವಿದ್ ತಲೆಯೆತ್ತಲಿಲ್ಲ. ಮುದುಕ ಪಕ್ಕಕ್ಕೆ ಬಂದು, ಅವನೊಬ್ಬನಿಗೇ ಕೇಳುವಂತೆ ಹೇಳಿದ: "ಬೋಲ್ಟ್ ಚೆನ್ನಾಗಿ ಬಿಗಿದಿದ್ದೀಯ ಕಣೋ."