ಕೆಮ್ಮಿನ ಡೈರಿ

ನನಗೆ ಅನುಮಾನ ಜಾಸ್ತಿ. ಗಾಳಿ, ನೀರು, ಮಣ್ಣು ಮನುಷ್ಯರ ಆರೋಗ್ಯಕ್ಕೆ ಏನೇನು ಮಾಡುತ್ತವೆ ಎಂದು ಹನ್ನೊಂದು ವರ್ಷದಿಂದ ಪತ್ರಿಕೆಗೆ ಬರೆಯುತ್ತಿರುವವಳಿಗೆ ಅದಿಲ್ಲದಿದ್ದರೆ ಹೇಗೆ? ಅಕ್ಕನ ಮಗಳು, ಆರು ವರ್ಷದ ಪುಟ್ಟಿ, ಮೂರು ತಿಂಗಳಿಂದ ಕೆಮ್ಮಿ ಕೆಮ್ಮಿ ಸೊರಗಿದಾಗ ನನ್ನ ಕಣ್ಣು ನೆಟ್ಟಗೆ ಅವರ ಎದುರುಮನೆಯ ಬಡಗಿಯ ಮೇಲೆ ಬಿತ್ತು.

ಬೀಳದೆ ಇನ್ನೇನು? ಇಡೀ ದಿನ ಮರದ ಪುಡಿ, ವಾರ್ನಿಷ್ ನಾತ. ಮೇಲಿಂದ ಆಸಾಮಿಯದು ಅತಿ ವಿನಯ. ನಾನು ಬಂದದ್ದು ಕಂಡರೆ ಸಾಕು, ಕೆಲಸ ನಿಲ್ಲಿಸಿ ಒಳಗೆ ಸೇರಿಕೊಳ್ಳುತ್ತಿದ್ದ. ತಪ್ಪಿಲ್ಲದವನು ಯಾಕಪ್ಪಾ ಮುಖ ತಪ್ಪಿಸಬೇಕು? ಪುಟ್ಟಿಯ ಕೋಣೆಯ ಕಿಟಕಿ ಮುಚ್ಚಿಸಿದೆ. ಕೆಮ್ಮು ಬಂದಾಗಲೆಲ್ಲ ಡೈರಿಯಲ್ಲಿ ಬರೆದಿಡು ಎಂದು ಅಕ್ಕನಿಗೆ ಹೇಳಿದೆ. ಅವನ ಅಂಗಡಿಗೆ ಬೀಗ ಬೀಳುವಂಥ ಲೇಖನ ಬರೆದು ಸಂಪಾದಕರಿಗೆ ಕಳಿಸಿಯೂ ಆಯಿತು. ನಾಳೆ ಅಚ್ಚಾಗುತ್ತದೆ.

ಇವತ್ತು ನಾನು ಅಕ್ಕನ ಮನೆಯಲ್ಲಿದ್ದಾಗ ಅವನೇ ಬಾಗಿಲಿಗೆ ಬಂದ.

"ಪಾಪು ಹೇಗಿದಾಳೆ ಮೇಡಂ? ಹೋದ ತಿಂಗಳು ನಮ್ಮಮ್ಮನ ಆಪರೇಷನ್ ಅಂತ ಹತ್ತು ದಿನ ಅಂಗಡಿ ತೆಗೀಲಿಲ್ಲ. ಆಗೇನಾದ್ರೂ ಕಮ್ಮಿ ಇತ್ತಾ?"

ಎಲಾ ಇವನ! ಎಷ್ಟು ಚೆನ್ನಾಗಿ ಕಥೆ ಕಟ್ಟುತ್ತಾನೆ ಎಂದುಕೊಂಡೆ.

"ಹೌದು ಕಣೇ, ಬಾಗಿಲು ಹಾಕಿತ್ತು," ಎಂದಳು ಅಕ್ಕ.

ಡೈರಿ ಕಿತ್ತುಕೊಂಡು ನೋಡಿದೆ. ಆ ಹತ್ತು ದಿನ ಪುಟ ತುಂಬ ಕೆಮ್ಮು. ಅದಾದ ಮೇಲೆ ನಾಲ್ಕು ದಿನ ಖಾಲಿ.

"ಈ ನಾಲ್ಕು ದಿನ ಯಾಕೆ ಬರೆದಿಲ್ಲ?"

"ಅವಳು ಅಜ್ಜಿ ಮನೇಲಿದ್ಲು. ಅಲ್ಲಿ ಕೆಮ್ಮೇ ಇರಲಿಲ್ಲ."

ಹಾಗಾದರೆ ಕಾರಣ ಈ ಮನೆಯೊಳಗೇ ಇದೆ. ಪುಟ್ಟಿಯ ಕೋಣೆಗೆ ಓಡಿದೆ. ಮಂಚದ ಸುತ್ತ ಒಂಬತ್ತು ಹೂಕುಂಡಗಳು. ನಾನೇ ಎಷ್ಟೋ ಸಲ ನೋಡಿ ಮೆಚ್ಚಿದ್ದೆ. ಒಂದನ್ನು ಸರಿಸಿದೆ. ಗೋಡೆಯ ಬುಡದಿಂದ ಮಂಚದ ಎತ್ತರದವರೆಗೂ ಕಪ್ಪು ಬೂಷ್ಟು.

"ಇವು ಯಾವಾಗಿಂದ ಇಲ್ಲಿವೆ?"

"ಮೂರು ತಿಂಗಳಾಯ್ತಲ್ಲೇ. ಮಲಗೋ ಕೋಣೇಲಿ ಹಸಿರು ತುಂಬ್ಕೊಳ್ಳಿ, ಎದೆಗೆ ಒಳ್ಳೇದು ಅಂತ ನೀನೇ ಬರೆದಿದ್ದಲ್ವಾ? ಒಂದಿನಾನೂ ನೀರು ತಪ್ಪಿಸಿಲ್ಲ ನಾನು."

ಬೀರುವಿಗೆ ಅಂಟಿಸಿದ್ದ ಆ ಅಂಕಣದಲ್ಲಿ ನನ್ನ ಫೋಟೋ ನಗುತ್ತಿತ್ತು. ಆ ಸಾಲನ್ನು ಯಾವ ವೈದ್ಯರನ್ನೂ ಕೇಳದೆ, ಕೊನೆಯಲ್ಲಿ ಜಾಗ ಉಳಿಯಿತೆಂದು ಬರೆದಿದ್ದೆ. ನಾಚಿಕೆಯಿಂದ ಸತ್ತೇ ಹೋದಂತಾಯಿತು.

ಕಿಟಕಿ ತೆರೆದೆ. ಬಡಗಿ ಏನನ್ನೂ ಕೇಳದೆ ಒಳಗೆ ಬಂದು ಎರಡು ಕುಂಡ ಎತ್ತಿಕೊಂಡ.

"ನಾನು ಬಂದ್ರೆ ನೀವು ಕೆಲಸ ನಿಲ್ಲಿಸ್ತಿದ್ರಲ್ಲ, ಯಾಕೆ?"

"ನಿಮ್ಮ ಬಟ್ಟೆಗೆ ಧೂಳಾಗುತ್ತೆ ಅಂತ ಮೇಡಂ."

ಸಂಪಾದಕರಿಗೆ ಫೋನ್ ಮಾಡಿದೆ. "ಸಾರ್, ದಯವಿಟ್ಟು ಆ ಲೇಖನ ನಿಲ್ಲಿಸಿ."

"ಯಾಕಮ್ಮಾ? ಬಡಗಿ ಅಲ್ವಾ? ಮತ್ತೆ ಯಾರು ಅಂತ ಗೊತ್ತಾಯ್ತಾ?"

"ಗೊತ್ತಾಯ್ತು ಸಾರ್," ಎಂದೆ. "ನಾನೇ."