ತಮ್ಮನ ಬಾಯಿಗೆ ಅಕ್ಕಿ

“ಮೊದಲು ನೀವು ಹಾಕ್ಬೇಕು ವಿಜಯಶ್ರೀ ಅವ್ರೇ. ರಕ್ತಸಂಬಂಧ ಅಂತ ಇಲ್ಲಿರೋದು ನೀವು, ನಿಮ್ಮ ಮಗಳು ಅಷ್ಟೇ,” ಎಂದು ಚಕ್ರಪಾಣಿ ಅಕ್ಕಿಯ ಬಟ್ಟಲು ಮುಂದೆ ಹಿಡಿದ.

ವಿಜಯಶ್ರೀ ಕೈ ಚಾಚಲಿಲ್ಲ. “ಬೇರೆಯವರು ಹಾಕ್ಲಿ. ಆಮೇಲೆ ನೋಡ್ತೀನಿ.”

ಹಾಳೂರಿಗೆ ಉಳಿದವನೇ ಗೌಡ. ವಾರವೆಲ್ಲ ಕೋಡ್ ಬರೆಯುವ ಚಕ್ರಪಾಣಿಯೇ ಅಮೆರಿಕದ ಈ ಶೋರ್‌ಲೈನ್ ಊರಿನ ಕನ್ನಡಿಗರಿಗೆ ಪುರೋಹಿತ. ಹೆಣದ ಮುಂದೆ ವಾದ ಹೂಡಬಾರದು ಎನ್ನುವಷ್ಟು ಬುದ್ಧಿ ಅವನಿಗಿತ್ತು. ಪೆಟ್ಟಿಗೆಯಲ್ಲಿ ಮಲಗಿದ್ದವನು ಚೇತನ್, ಅವಳ ಒಬ್ಬನೇ ತಮ್ಮ. ಹತ್ತಿರದ ಡುವಾಲ್ ಊರಿನ ತೋಟದಲ್ಲಿ ಕೆಲಸ ಮಾಡುತ್ತಿದ್ದಾಗಲೇ ಎದೆಬಡಿತ ನಿಂತಿತ್ತು. ಫೋನ್ ಬಂದಾಗಿನಿಂದ ಅವಳಿಗೆ ಅಳುವೂ ಇಲ್ಲ, ಸಿಟ್ಟೂ ಇಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ದವಡೆಯ ಹಾಗೆ ಮೈಯೆಲ್ಲ ಜೋಮು. ಅಕ್ಕಿ ಹಾಕಿದರೆ ಅವನನ್ನು ಕ್ಷಮಿಸಿದಂತೆ. ಹಾಕದೆ ಸುಟ್ಟರೆ, ಮುಂದೆ ಮನಸ್ಸಾದರೂ ಹಾಕಲು ಬಾಯಿ ಇರುವುದಿಲ್ಲ.

*

ಹನ್ನೊಂದು ವರ್ಷದ ಹಿಂದೆ ಕುಡಿದು ಕಾರು ಓಡಿಸಿದವನು ಚೇತನ್. ಪಕ್ಕದ ಸೀಟಿನಲ್ಲಿ ಸತ್ತವನು ಅವಳ ಗಂಡ ಕಶ್ಯಪ್. ಜೈಲಿಗೆ ಅವಳು ಹೋದದ್ದು ಒಂದೇ ಸಲ. ಬಂದಾಗೊಮ್ಮೆ, ಹೊರಡುವಾಗೊಮ್ಮೆ ತಬ್ಬಿಕೊಳ್ಳಬಹುದು, ನಡುವೆ ಮುಟ್ಟುವಂತಿಲ್ಲ ಎಂದು ಅಲ್ಲಿಯ ನಿಯಮ. ಚೇತನ್ ಎದ್ದು ತೋಳು ಚಾಚಿದ. ಅವಳು ಕುರ್ಚಿ ಬಿಟ್ಟು ಏಳಲಿಲ್ಲ.

ಅವನು ತೋಳಿಳಿಸಿ ಕೂತ. “ಇಲ್ಲಿ ಕಬಡ್ಡಿ ಕಲಿಸ್ಬೇಕು ಅಂತಿದೀನಿ ಅಕ್ಕಾ. ಮುಟ್ಟೋ ಆಟ, ಆಗಲ್ಲ ಅಂದ್ರು ಆಫೀಸರು. ಮತ್ತೆ ಅರ್ಜಿ ಕೊಟ್ಟಿದೀನಿ.”

ಮೈಸೂರಿನಲ್ಲಿ ಯೂನಿವರ್ಸಿಟಿ ತಂಡಕ್ಕೆ ಆಡಿದವನು ಚೇತನ್. ಅವನು ರೈಡಿಗೆ ಹೊರಟರೆ ಗ್ಯಾಲರಿಯಲ್ಲಿ ಕೂಗಿ ಕೂಗಿ ಗಂಟಲು ಕೆಡಿಸಿಕೊಳ್ಳುತ್ತಿದ್ದವಳು ಇವಳೇ.

“ನಿಂಗೆ ಆಟ ಬೇರೆ ಕೇಡು,” ಎಂದು ಎದ್ದು ಬಂದಿದ್ದಳು.

*

ಈಗ ಹೆಣ ಇಟ್ಟಿದ್ದ ಫ್ಯೂನರಲ್ ಹೋಮಿನ ಬಾಗಿಲಲ್ಲಿ ಆರು ಜನ ಗಂಡಸರು ನಿಂತಿದ್ದರು. ಕರೆಯುವವರೆಗೂ ಯಾರೂ ಹೊಸಿಲು ದಾಟಲಿಲ್ಲ. ಮುಂದಿದ್ದ ಆಜಾನುಬಾಹು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದ: “ಜೈಲಲ್ಲಿದ್ದಾಗ ನಾವು ಇವನ ಕಬಡ್ಡಿ ಟೀಮು. ಇವನ ಹಾಗೇ ಬಿಡುಗಡೆಯಾಗಿ ಬಂದೋರು. ಮೂರು ವರ್ಷ ಅರ್ಜಿ ಹಾಕಿ ಹಾಕಿ ಆಟ ಶುರು ಮಾಡಿಸ್ದ. ಕೈ ಕೈ ಹಿಡ್ಕೊಂಡು ನಿಲ್ಲಿ ಅಂದಾಗ ನಾವೆಲ್ಲ ನಕ್ಕಿದ್ವಿ. ಅಲ್ಲಿವರೆಗೆ ನನ್ನನ್ನ ಮುಟ್ತಿದ್ದೋರು ಬೇಡಿ ಹಾಕೋರು ಮಾತ್ರ.”

ವಿಜಯಶ್ರೀಗೆ ಏನೂ ಅನ್ನಿಸಲಿಲ್ಲ. ಏನೂ ಅನ್ನಿಸದಿರುವುದಕ್ಕೆ ನಾಚಿಕೆಯಾಯಿತು.

“ನಾವೂ ಹಾಕ್ಬಹುದಾ?” ಅವನು ಬಟ್ಟಲು ನೋಡಿ ಕೇಳಿದ.

“ಹಾಕಿ,” ಎಂದಳು.

“ಇಲ್ಲಿಯ ಪದ್ಧತಿ, ಹೆಣದ ಬಾಯಿ ಹೊಲಿದಿದಾರೆ. ತುಟಿ ಮೇಲೆ ಬಿದ್ರೆ ಸಾಕು,” ಎಂದು ಚಕ್ರಪಾಣಿ ಅವರಿಗೆ ತೋರಿಸಿಕೊಟ್ಟ. ಒಬ್ಬೊಬ್ಬರಾಗಿ ಬಂದರು. ಅಕ್ಕಿ ಹಾಕಿ, ಚೇತನನ ಕೈಯನ್ನೊಮ್ಮೆ ಹಿಡಿದು, ಸರಿದು ನಿಂತರು. ಫ್ಯೂನರಲ್ ಹೋಮಿನ ಮ್ಯಾನೇಜರು ಗಡಿಯಾರ ನೋಡಿದ.

ಮಗಳು ಅಕ್ಷಯಾ ಕಿವಿಯ ಬಳಿ ಬಗ್ಗಿದಳು. “ಅಮ್ಮಾ, ಯು ಡೋಂಟ್ ಹ್ಯಾವ್ ಟು.”

“ಗೊತ್ತು ಕಣೇ.”

ವಿಜಯಶ್ರೀ ಬಟ್ಟಲಿನಿಂದ ಅಕ್ಕಿ ತೆಗೆದುಕೊಂಡು ತಮ್ಮನ ಮುಖದ ಮೇಲೆ ಕೈ ಮಗುಚಿದಳು. ಬೆವೆತ ಅಂಗೈಗೆ ಅಂಟಿದ ಕಾಳು ಒಂದೂ ಬೀಳಲಿಲ್ಲ. ಕೊಡವಿದಳು, ಆಗಲೂ ಬೀಳಲಿಲ್ಲ. ಆಗ ಅಂಗೈಯನ್ನೇ ಅವನ ತಣ್ಣನೆಯ ಬಾಯಿಗೆ ಒತ್ತಿದಳು. ಚಕ್ರಪಾಣಿ ಎರಡು ಸಲ “ಸಾಕಮ್ಮಾ” ಅಂದರೂ ತೆಗೆಯಲಿಲ್ಲ.